ಹುಡುಗ ಭಾಳ ಸಭ್ಯ ಅದಾನಂತ

ಅಕ್ಕನ ಸಣ್ಣ ಮಗಳಿಗೆ ಒಂದು ಗಂಡು ಬಂದೈತಿ. ಮುಂಡರಗಿ ಕಡೆಯವ್ರು. ಈ ವಾರದಾಗ ಫೋನ್ ಮಾಡಿದವ್ರೆಲ್ಲಾ ಹೇಳಿದ್ದು ಒಂದಽ ಮಾತು. "ಹುಡುಗ ಭಾಳ ಸಭ್ಯ ಅದಾನ್ರಿ. ಗುಟಕಾ ಇಲ್ಲ, ಕುಡಿಯೂದಿಲ್ಲ, ಇಸ್ಪೀಟ್ ಇಲ್ಲ, ಹಿರಿಯಾರ ಮುಂದ ತಲಿ ಎತ್ತಿ ಮಾತಾಡಂಗಿಲ್ಲ." ಮೂರನೇ ಫೋನಿಗೆ ನಾ ಅಂದೆ, "ಇಲ್ಲದ್ದರ ಪಟ್ಟಿ ಸಾಕ್ರಿ, ಇರೋದು ಏನೈತಿ ಅದನ್ನ ಹೇಳ್ರಿ." ಆ ಕಡೆ ಇದ್ದಾಕಿ ಒಂದು ನಿಮಿಷ ಸುಮ್ಮಾಗಿ, "ಪಗಾರ ಚೊಲೋ ಐತಿ" ಅಂದ್ಲು.

ನನಗ ನಗಿನೂ ಬಂತು, ಸಿಟ್ಟೂ ಬಂತು. ಅವತ್ತ ರಾತ್ರಿ ರೊಟ್ಟಿ ಬಡಿಯೂ ಮುಂದ ಇದಽ ತಲ್ಯಾಗ ತಿರಗಾಕತ್ತಿತ್ತು. ಸಭ್ಯ ಅಂದ್ರ ಯಾರು? ಚಟಾ ಇಲ್ಲದಾಂವ ಅಂದ್ರ ಮನಿ ಮುಂದಿನ ಕಟ್ಟಿಗೂ ಚಟಾ ಇಲ್ಲ, ಅದೂ ತಲಿ ಎತ್ತಿ ಮಾತಾಡಂಗಿಲ್ಲ.

ಪಿಯುಸಿಯೊಳಗ ನಮಗ ಕನ್ನಡ ಕಲಸೋ ಸರ್ ಒಂದು ದಿನ ಹೇಳಿದ್ರು, ಸಭ್ಯ ಅನ್ನೋ ಶಬ್ದದ ಬೇರು ಸಭಾ ಅಂತ. ಸಭಾದಾಗ ಕೂಡಾಕ ಲಾಯಕ್ ಇದ್ದಾಂವ ಸಭ್ಯ. ನಾ ಆವಾಗ ಹಿಂದಿನ ಬೆಂಚಿನ್ಯಾಗ ಕುಂತು ಡೆಸ್ಕಿನ ಕೆಳಗ ಕ್ರೋಶಾ ಹೆಣಕೋತ ಇದ್ದೆ, ಆದ್ರೂ ಆ ಮಾತು ಕಿವ್ಯಾಗ ಉಳೀತು. ಯಾಕಂದ್ರ ಅವತ್ತಿನ ಪಾಠ ನಮ್ಮ ಗದಗಿನ ನಾರಣಪ್ಪನ ಭಾರತದ್ದು, ಅದೂ ದ್ರೌಪದಿನ್ನ ಸಭಾಕ್ಕ ಎಳಕೊಂಡು ಬರೋ ಭಾಗ.

ನಾರಣಪ್ಪ ಅಂದ್ರ ಕುಮಾರವ್ಯಾಸ. ವೀರನಾರಾಯಣನ ಗುಡಿಗೆ ಹೋದವ್ರಿಗೆಲ್ಲಾ ಆ ಕಂಬ ಗೊತ್ತಿರತೈತಿ. ಕೋಳಿವಾಡದಿಂದ ಬಂದು, ಕೊನೇರಿ ಹೊಂಡದಾಗ ಮಿಂದು, ಹಸಿ ಬಟ್ಟಿಯೊಳಗ ಆ ಕಂಬಕ್ಕ ಒರಗಿ ಕುಂತು, ಬಟ್ಟಿ ಆರೂ ಮಟಾ ಬರೀತಿದ್ದ ಅಂತ ನಮ್ಮ ಅಜ್ಜಿ ಹೇಳತಿದ್ಲು. 15ನೇ ಶತಮಾನದ ಮಾತು. ಹತ್ತು ಪರ್ವ, ಪೂರಾ ಭಾಮಿನಿ ಷಟ್ಪದಿ. ಕವಿ ವೀರನಾರಾಯಣ, ನಾ ಬರೇ ಬರಕೊಳ್ಳಾಂವ ಅಂತ ಅಂತಾನ. ಇಷ್ಟು ವಿನಯ ಇದ್ದಾಂವ ಅಂತ ನಾವು ಕೈ ಮುಗಿಯೂದ್ರಾಗ, ಬರದದ್ದನ್ನ ಒಂದು ಸಲನೂ ಅಳಿಸಿಲ್ಲ ಅಂತ ತನ್ನ ಹೆಚ್ಚುಗಾರಿಕಿನೂ ಹೇಳಕೊಳ್ತಾನ. ನನಗ ಇದು ಭಾಳ ಸೇರತೈತಿ. ಒಳ್ಳೆ ಅಡಗಿ ಮಾಡಿದಾಕಿ "ಏನೋ ದೇವರ ದಯಾ" ಅಂದು, ಆಮ್ಯಾಲೆ "ಉಪ್ಪು ನೋಡದಽ ಹಾಕೇನಿ ನೋಡ್ರಿ" ಅಂದಂಗ.

ಇರಲಿ, ಸಭಾಕ್ಕ ಬರೂಣು. ಧರ್ಮರಾಯ ಜೂಜಿನ್ಯಾಗ ರಾಜ್ಯಾ ಸೋತ, ತಮ್ಮಂದಿರನ್ನ ಸೋತ, ತನ್ನನ್ನ ಸೋತ, ಆಮ್ಯಾಲೆ ಹೆಂಡತಿನ್ನ ಹಚ್ಚಿದ. ಅಕಿ ಒಂದಽ ಪ್ರಶ್ನಿ ಕೇಳತಾಳ. ಮೊದಲ ತನ್ನನ್ನ ತಾ ಸೋತಾಂವಗ ಆಮ್ಯಾಲೆ ನನ್ನ ಹಚ್ಚೋ ಹಕ್ಕು ಎಲ್ಲೈತಿ? ವಕೀಲಿ ಓದಿದವ್ರೂ ಇಷ್ಟು ಸಾಫ್ ಕೇಳಲಿಕ್ಕಿಲ್ಲ. ಕುಂತವ್ರು ಯಾರು ನೋಡ್ರಿ. ಭೀಷ್ಮ, ದ್ರೋಣ, ಕೃಪ, ಮುದಿ ರಾಜ ಧೃತರಾಷ್ಟ್ರ. ಭೀಷ್ಮಗ ಯಾವ ಚಟಾ ಇತ್ರಿ? ಹೆಣ್ಣಿನ ಕಡೆ ಕಣ್ಣೆತ್ತಿ ನೋಡಿದಾಂವ ಅಲ್ಲ. ಗಂಡು ಹುಡುಕೂ ಮುಂದ ಕೇಳೋ ಪಟ್ಟಿ ಹಿಡದ್ರ ನೂರಕ್ಕ ನೂರು. ಆದ್ರ ಆ ಹೊತ್ತಿಗೆ ಧರ್ಮ ಭಾಳ ಸೂಕ್ಷ್ಮ ಐತಿ ಅಂತ ಜಾರಿಕೊಂಡು ಕುಂತ. ಸಭಾದಾಗ ಕುಂತವ್ರೆಲ್ಲಾ ಸಭ್ಯರಽ, ಆದ್ರ ಯಾರೂ ಸಭ್ಯ ಅಲ್ಲ.

ಆವಾಗ ಎದ್ದು ನಿಂತಾಂವ ಒಬ್ಬ ಹುಡುಗ. ವಿಕರ್ಣ. ಪಾಂಡವರ ಪೈಕಿ ಅಲ್ಲ, ದುರ್ಯೋಧನನ ಖಾಸಾ ತಮ್ಮ. ಅಣ್ಣನ ಮನಿ ಅನ್ನಾ ಉಂಡಾಂವ, ಅಣ್ಣ ಗೆದ್ರ ಅವಗೂ ಲಾಭನಽ. ಅಂತಾಂವ ನೂರು ಮಂದಿ ನಡುವ ನಿಂತು, ಇದು ತಪ್ಪೈತಿ, ಅಕಿನ್ನ ಸೋತಂಗ ಆಗಿಲ್ಲ ಅಂತ ಹೇಳಿದ. ವಿದುರನೂ ಹೇಳಿದ, ಖರೆ. ಆದ್ರ ವಿದುರ ಹಿರಿಯಾಂವ, ಬುದ್ಧಿ ಹೇಳೂದು ಅವನ ಕೆಲಸಽ ಆಗಿತ್ತು. ವಿಕರ್ಣಗ ಹೇಳೋ ಗರಜು ಇರಲಿಲ್ಲ. ಅವನ ಬಾಯಿ ಮುಚ್ಚಿಸಿದಾಂವ ಯಾರು ಗೊತ್ತೇನು? ನಮ್ಮ ಪ್ರೀತಿಯ ಕರ್ಣ. ಸಣ್ಣಾಂವ ನೀ, ಹಿರಿಯಾರು ಸುಮ್ಮನಿರೂ ಮುಂದ ನಿನಗ್ಯಾಕ ಅಂತ.

"ಸಣ್ಣಾಂವ ನೀ ಸುಮ್ನಿರು." ಈ ಮಾತು ನಾ ಪುಸ್ತಕದಾಗ ಓದೂಕಿಂತ ಮೊದಲ ಕಿವೀಲೆ ಕೇಳೇನಿ.

1988ರಾಗ ಅಕ್ಕನ ಲಗ್ನ, ಬೆಟಗೇರಿಯೊಳಗ. ಆ ವರ್ಷ ನಮ್ಮಪ್ಪನ ಮೆಣಸಿನಕಾಯಿ ಹೊಲಾ ಕೈ ಕೊಟ್ಟಿತ್ತು. ನಾಕು ತೊಲಿ ಅಂತ ಮಾತಾಗಿತ್ತು, ಎರಡಽ ಹೊಂದಿತ್ತು. ಉಳದದ್ದು ದೀಪಾವಳಿಗೆ ಕೊಡತೇನಿ ಅಂತ ಅಪ್ಪ ಮೊದಲಽ ಹೇಳಿ ಬಂದಿದ್ದ. ಅಕ್ಕಿಕಾಳು ಬಿದ್ದು, ಮೊದಲ ಪಂಕ್ತಿ ಕುಂತಿತ್ತು. ಗಂಡಿನ ಕಡೆ ಸೋದರಮಾವ ಒಬ್ರು ಊಟದ ಎಲಿ ಮುಂದ ಎದ್ದು ನಿಂತು, ಮಾತು ಕೊಟ್ಟು ತಪ್ಪಿದವ್ರ ಮನ್ಯಾಗ ನಾವು ಹೆಂಗ ಉಣಬೇಕು ಅಂತ ಶುರು ಹಚ್ಚಿಕೊಂಡ್ರು. ಅಪ್ಪ ಕೈಯಾಗ ತುಪ್ಪದ ತಂಬಿಗಿ ಹಿಡಕೊಂಡು ನಿಂತಿದ್ದ. ಬಡಸೂದೂ ಆಗವಲ್ತು, ಇಡೂದೂ ಆಗವಲ್ತು. ಪಂಕ್ತಿಯೊಳಗ ಮಾಸ್ತರ್ ಇದ್ರು, ಊರ ಗೌಡರು ಇದ್ರು, ಪೂಜಿ ಮಾಡದಽ ನೀರು ಕುಡಿಯದವ್ರು ಇದ್ರು. ಎಲ್ಲಾರೂ ಎಲಿ ಮ್ಯಾಲಿನ ಉಪ್ಪಿನಕಾಯಿ ನೋಡಾಕತ್ರು. ನಮ್ಮ ಭಾವ ಬಾಸಿಂಗ ಕಟಗೊಂಡು ನೆಲಾ ನೋಡಕೋತ ಕುಂತಿದ್ರು. (ಭಾವಗ ಹೇಳೇ ಇದನ್ನ ಬರದೇನಿ, ಯಾರೂ ಚಾಡಿ ಹೇಳಾಕ ಓಡಬ್ಯಾಡ್ರಿ.)

ಆವಾಗ ಭಾವನ ತಮ್ಮ, ಹತ್ತೊಂಬತ್ತು ವರ್ಷದ ಹುಡುಗ, ಬಕೀಟ್ ಹಿಡದು ಸಾರು ಬಡಸಾಕತ್ತಿದ್ದಾಂವ, ಬಕೀಟ್ ಕೆಳಗಿಟ್ಟು, "ಮಾಮಾ, ಕುಂಡ್ರು. ಅವರು ಮೊದಲಽ ಹೇಳ್ಯಾರ, ನೀನೂ ಹೂಂ ಅಂದೀದಿ, ನಾ ಅಲ್ಲೇ ಇದ್ದೆ" ಅಂದ. ಅಷ್ಟಽ. ಭಾಷಣ ಇಲ್ಲ, ಏನಿಲ್ಲ. ಮಾಮಾ ಅಂದ್ರು, "ಸಣ್ಣಾಂವ ನೀ ಸುಮ್ನಿರು." ಅಂವಾ ಸುಮ್ನಾಗಲಿಲ್ಲ. ಅಪ್ಪನ ಕೈಯಾಗಿನ ತಂಬಿಗಿ ತಾ ಇಸಕೊಂಡು ತುಪ್ಪಾ ಬಡಸಾಕ ಶುರು ಮಾಡಿದ. ತುಪ್ಪಾ ಎಲಿಗೆ ಬಿದ್ದ ಮ್ಯಾಲೆ ಯಾರು ಏನು ಮಾಡತಾರ, ಉಂಡ್ರು.

ಆ ಹುಡುಗಗ ಈಗ ಐವತ್ತಾರು ಐವತ್ತೇಳು. ಲಕ್ಷ್ಮೇಶ್ವರದಾಗ ಸಣ್ಣ ಅಂಗಡಿ. ಬೀಡಿ ಸೇದತಾನ, ಹಲ್ಲು ಹಳದಿ, ಬ್ಯಾಸಗಿಯೊಳಗ ಬನಿಯನ್ ಮ್ಯಾಲೆ ಕುಂತಿರತಾನ. ಅವನ್ನ ಯಾರೂ ಸಭ್ಯ ಅಂದದ್ದು ನಾ ಕೇಳಿಲ್ಲ.

ವ್ಯಾಸರ ಭಾರತದಾಗ ಇನ್ನೊಂದು ಮಾತೈತಿ. ಮುಂದ ಯುದ್ಧದಾಗ ವಿಕರ್ಣನ್ನ ಕೊಂದಾಂವ ಭೀಮ. ನೂರು ಮಂದಿನ್ನೂ ಕೊಲ್ಲತೇನಿ ಅಂತ ಶಪಥಾ ಮಾಡಿದ್ದ, ಬಿಡಂಗಿರಲಿಲ್ಲ. ಆದ್ರ ಕೊಂದ ಮ್ಯಾಲೆ ಅವನೊಬ್ಬನ ಸಲುವಾಗಿ ಮರಗತಾನ. ಅಣ್ಣನ ಪಾಪದಾಗ ತಮ್ಮನೂ ಸುಟ್ಟ. ಸಭಾದಾಗ ಅಷ್ಟು ಹೇಳಿದಾಂವ ಕಡೀಕ ಅಣ್ಣನ ಕಡೆನಽ ನಿಂತು ಸತ್ತ. ಅದಕ್ಕ ನಾ ಅವನ್ನ ದೇವರ ಮಾಡಂಗಿಲ್ಲ. ಒಂದು ದಿನದ ಮಟ್ಟಿಗೆ ಸಭ್ಯ ಇದ್ದ. ಆ ಒಂದು ದಿನ ಉಳದವ್ರಿಗೆ ಆಗಲಿಲ್ಲ.

ಈಗ ಕರ್ಣನ ಅಭಿಮಾನಿಗಳು ನನ್ನ ಮ್ಯಾಲೆ ಬರತೀರಿ, ಗೊತ್ತೈತಿ. ಕರ್ಣನ್ನ ಕನ್ನಡಿಗರ ಎದ್ಯಾಗ ಕುಂದ್ರಿಸಿದಾಂವ ಪಂಪ, ಮತ್ತ ಪಂಪ ಅಂದ್ರ ನಮ್ಮವನಽ ಅನ್ರಿ. ತಾಯಿ ಕಡೆ ಊರು ಅಣ್ಣಿಗೇರಿ. 941ರಾಗ ವಿಕ್ರಮಾರ್ಜುನ ವಿಜಯ ಬರದದ್ದು ದೂರದ ವೇಮುಲವಾಡದ ಅರಿಕೇಸರಿ ರಾಜನ ಸಲುವಾಗಿ, ಆದ್ರ ತಾ ಬರದ ಕನ್ನಡ ಪುಲಿಗೆರೆಯ ತಿರುಳುಗನ್ನಡ ಅಂತ ತಾನಽ ಹೇಳ್ಯಾನ. ಪುಲಿಗೆರೆ ಅಂದ್ರ ಲಕ್ಷ್ಮೇಶ್ವರ. ಇವತ್ತ ಉಳ್ಳಾಗಡ್ಡಿ ಪ್ಯಾಟಿಗೆ ಹೋದಾಗ ಕಿವಿಗೆ ಬೀಳೋ ಕನ್ನಡ ಐತಲ್ಲಾ, ಅದರ ಮುತ್ತಜ್ಜಿ.

ಆ ಪಂಪನ ಕಾವ್ಯದಾಗ ಒಂದು ಸಣ್ಣ ಪ್ರಸಂಗ ಐತಿ, ಎಲ್ಲಾರಿಗೂ ಗೊತ್ತಿರಬೇಕು. ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನ ಕೂಡ ಪಗಡಿ ಆಡಿ ಸೋಲತಾಳ. ಸೋತದ್ದು ಕೊಡು ಅಂತ ಕಾಡೂ ಮುಂದ ಅಕಿ ಮುತ್ತಿನ ಹಾರ ಹರದು ಮುತ್ತೆಲ್ಲಾ ಚಲ್ಲಾಪಿಲ್ಲಿ. ಅಷ್ಟರಾಗ ದುರ್ಯೋಧನ. ಮನಸ್ಸಿನ್ಯಾಗ ಒಂದು ಎಳಿ ಸಂಶಯ ಇಲ್ಲ. ಮುತ್ತು ಆರಿಸಿಕೊಡಲೇನು ಅಂತ ಕೇಳತಾನ. ಇಂತಾ ಅರಸನ್ನ ಬಿಟ್ಟು ನಿಮ್ಮ ಕಡೆ ಬಂದ್ರ ನಾ ಎಂತಾಂವ ಆದೇನು ಅಂತ ಕರ್ಣ ತಾನಽ ಇದನ್ನ ಹೇಳತಾನ. ನಮ್ಮ ಕಡೆ ಗಂಡಸರು ಹೆಂಡತಿ ಫೋನ್ ತಗದು ಯಾರು ಮೆಸೇಜ್ ಮಾಡ್ಯಾರ ಅಂತ ನೋಡೂ ಕಾಲದಾಗ ಈ ಮಾತು ಓದಿದ್ರ ಎದಿ ತುಂಬತೈತಿ. ಸಾವಿರ ವರ್ಷದ ಹಿಂದ ಒಬ್ಬ ಕವಿ, ಖಳನಾಯಕನ ಕೈಯಾಗ ಇಂತಾ ದೊಡ್ಡ ಗುಣಾ ಕೊಟ್ಟಾನ.

ಆದ್ರ ಇಲ್ಲೇ ನನ್ನ ತಕರಾರು. ಹೆಂಡತಿ ಮುತ್ತು ಆರಿಸಿಕೊಡಾಕ ಬಗ್ಗಿದ ಅದಽ ಕೈ ಇನ್ನೊಬ್ಬರ ಹೆಂಡತಿನ್ನ ಸಭಾಕ್ಕ ಎಳಸಿತು. ಗೆಳ್ಯಾನ ಉಪಕಾರ ನೆನಸೋ ಕರ್ಣ ವಿಕರ್ಣನ ಬಾಯಿ ಮುಚ್ಚಿಸಿದ. ನಮ್ಮವ್ರ ಕೂಡ ಚೊಲೋ ಇರೂದು ದೊಡ್ಡದಽ, ನಾ ಸಣ್ಣದು ಅನ್ನಂಗಿಲ್ಲ. ಆದ್ರ ಅದು ಅರ್ಧಾ. ಬನಶಂಕರಿ ಜಾತ್ರಿಗೆ ಹೋದಾಗ ಬದಾಮಿಯ ತಟ್ಟುಕೋಟಿ ಬಂಡಿ ಮ್ಯಾಲಿನ ಕಪ್ಪೆ ಅರಭಟ್ಟನ ಶಾಸನ ತೋರಿಸಿದ್ರು. ಸುಮಾರು 700ರ ಹೊತ್ತಿಂದು. ಒಳ್ಳ್ಯಾವ್ರಿಗೆ ಒಳ್ಳ್ಯಾಂವ, ಸವಿ ಇದ್ದವ್ರಿಗೆ ಸವಿ, ಕೆಣಕಿದವ್ರಿಗೆ ಮಾತ್ರ ಕಾಲಯಮ ಅಂತ ಅವನ ಹೊಗಳಿಕಿ. ಎಲ್ಲಾರೂ ವಾವ್ ಅಂದ್ರು, ಫೋಟೋ ತಕ್ಕೊಂಡ್ರು. ಬಂಡಿ ಮ್ಯಾಲಿನ ಅಕ್ಷರ ಭಾಳ ಚಂದ ಅದಾವ, ಆದ್ರ ನನಗ ಅನಸಿದ್ದು, ಕೊಟ್ಟಷ್ಟು ಕೊಡೂದು ಅಂಗಡಿ ಲೆಕ್ಕಾ ಆತಲ್ಲಾ. ನಮಗ ಏನೂ ಕೊಡಲಾರದವ್ರು, ನಮ್ಮನ್ನ ಎದುರು ಹಾಕ್ಕೊಳಾಕ ಶಕ್ತಿ ಇಲ್ಲದವ್ರು ಇರತಾರಲ್ಲಾ, ಅವರ ಕೂಡ ಹೆಂಗಿದ್ದ ಅಪ್ಪಾ ಅರಭಟ್ಟ? ಅದನ್ನ ಶಾಸನ ಹೇಳಂಗಿಲ್ಲ.

ಅದಕ್ಕಿಂತ ನನಗ ಕವಿರಾಜಮಾರ್ಗದ ಮಾತು ಹಿಡಸತೈತಿ. ಅದು 850ರ ಹೊತ್ತಿನ ಪುಸ್ತಕ, ಕನ್ನಡದಾಗ ನಮಗ ಸಿಕ್ಕ ಮೊದಲ ಪುಸ್ತಕ, ನೃಪತುಂಗನ ಆಸ್ಥಾನದ ಶ್ರೀವಿಜಯ ಬರದದ್ದು. ತಿರುಳುಗನ್ನಡದ ನಾಡು ಅಂತ ನಾಕು ಊರು ಹೇಳತಾನ. ಅದರಾಗ ಪುಲಿಗೆರೆ ಒಂದು. ಇಲ್ಲಿ ಮಂದಿ ಶೂರರು, ಗುಣವಂತರು, ಅಭಿಮಾನಿಗಳು, ವಿಚಾರ ಮಾಡೋರು ಅಂತ ಹೊಗಳತಾನ. ಅದಕ್ಕಿಂತ ದೊಡ್ಡದು ಇನ್ನೊಂದು ಕಡೆ ಹೇಳಿದ್ದು. ಇನ್ನೊಬ್ಬರ ವಿಚಾರ, ಇನ್ನೊಬ್ಬರ ಧರ್ಮ ತಾಳಿಕೊಳ್ಳೂದಽ ಖರೆ ಬಂಗಾರ ಅಂತ. ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರಿಯೊಳಗ ಹಿಂದೂ ಮುಸಲ್ಮಾನರು ಕೂಡೇ ನಡಕೊಳ್ಳೂದು ನೋಡಿದವ್ರಿಗೆ ಇದು ಪುಸ್ತಕದ ಮಾತು ಅನಸಂಗಿಲ್ಲ.

ಹರಿಶ್ಚಂದ್ರನ ಬಗ್ಗೆ ಬರೀಬಾರದು ಅಂತ ಮಾಡಿದ್ದೆ, ಅತ್ತಿಯವ್ರಿಗೆ ಅಂವಾ ಅಂದ್ರ ಪಂಚಪ್ರಾಣ. ರಾಘವಾಂಕನ ಕಾವ್ಯ ಚೊಲೋ ಐತಿ, ಅಳಸತೈತಿ. ಆದ್ರ ತನ್ನ ಮಾತು ಉಳಸಾಕ ಹೆಂಡತಿನ್ನ, ಮಗನ್ನ ಮಾರಿದಾಂವಗ ಸತ್ಯವಂತ ಅನ್ರಿ, ನಾ ಬ್ಯಾಡ ಅನ್ನಂಗಿಲ್ಲ. ಸಭ್ಯ ಅನ್ನೂಕಿಂತ ಮೊದಲ ಚಂದ್ರಮತಿನ್ನ ಒಂದು ಮಾತು ಕೇಳ್ರಿ.

ಹಂಗಾರ ಯಾರು ಅಂತ ಕೇಳತೀರಿ. ನನ್ನ ಕೇಳಿದ್ರ, ಕುಮಾರವ್ಯಾಸನ ಭೀಮ. ನಗಬ್ಯಾಡ್ರಿ. ಸಿಟ್ಟಿನ ಭೀಮ, ಉಣ್ಣೋ ಭೀಮ, ಗದಾ ಬೀಸೋ ಭೀಮ, ಗೊತ್ತೈತಿ. ನಾ ಹೇಳೂದು ಅಡಗಿಮನಿ ಭೀಮಂದು. ವಿರಾಟನ ಊರಾಗ ಎಲ್ಲಾರೂ ವ್ಯಾಷಾ ಮರಸಿಕೊಂಡು ಇದ್ದಾಗ ದ್ರೌಪದಿ ರಾಣಿಯ ಮನ್ಯಾಗ ದುಡಿಯಾಕಿ, ಭೀಮ ಅಡಗಿ ಮಾಡಾಂವ. ಕೀಚಕ ತುಂಬಿದ ಸಭಾದಾಗ ಅಕಿನ್ನ ಒದೀತಾನ. ಮತ್ತ ಸಭಾನಽ, ನೋಡ್ರಿ. ಧರ್ಮರಾಯ ಅಲ್ಲೇ ಅದಾನ, ಗುಟ್ಟು ಬೈಲಾದೀತು ಅಂತ ಸುಮ್ನಿರಸತಾನ. ಅವತ್ತ ರಾತ್ರಿ ಅಕಿ ಎಲ್ಲಿಗೆ ಹೋಗತಾಳ? ಧರ್ಮ ಬಲ್ಲ ದೊಡ್ಡ ಗಂಡನ ಕಡೆ ಅಲ್ಲ, ಬಿಲ್ಲಿನ ಅರ್ಜುನನ ಕಡೆ ಅಲ್ಲ. ಅಡಗಿಮನಿಗೆ ಹೋಗತಾಳ. ಮಲಗಿದ ಭೀಮನ್ನ ಎಬ್ಬಿಸಿ, ಐದು ಮಂದಿ ಇದ್ದೂ ಒಬ್ಬಾಕಿನ್ನ ಕಾಯೂದು ಆಗಲಿಲ್ಲ ಅಂದ್ರ ನೀವು ಗಂಡಸರೇನು ಅಂತ ಮುಖಕ್ಕ ಹೊಡದಂಗ ಕೇಳತಾಳ.

ಆವಾಗ ಭೀಮ ಏನು ಮಾಡತಾನ ಅನ್ನೂದರಾಗ ನಮ್ಮ ನಾರಣಪ್ಪನ ದೊಡ್ಡತನ ಐತಿ. ಗದಾ ಹುಡಕಾಕ ಎದ್ದು ಓಡಂಗಿಲ್ಲ. ಅಕಿ ಕಣ್ಣೀರು ಒರಸತಾನ, ಮುಂಗುರುಳು ಸರಿ ಮಾಡತಾನ, ಗಿಂಡಿ ನೀರಿಲೆ ಮುಖಾ ತೊಳೀತಾನ. ಆಮ್ಯಾಲೆ ಕೀಚಕನ ಸುದ್ದಿ. ಮರುದಿನ ರಾತ್ರಿ ಹೆಣ್ಣಿನ ವ್ಯಾಷಾ ಹಾಕ್ಕೊಂಡು ನಾಟ್ಯಶಾಲಿಗೆ ಹೋಗಿ ಆ ಕೆಲಸಾ ಮುಗಸತಾನ. ಸೀರಿ ಉಟಗೊಳ್ಳಾಕ ಅವಗ ನಾಚಿಕಿ ಇಲ್ಲ, ಮರ್ಯಾದಿ ಹೋಗೂದಿಲ್ಲ. ಕೊಲ್ಲೂದು ಸಭ್ಯತಿ ಅಂತ ನಾ ಹೇಳಾಕತ್ತಿಲ್ಲ ಮತ್ತ. ಆ ಗಿಂಡಿ ನೀರು ಐತಲ್ಲಾ, ಅದು. ಮೊದಲ ಅಕಿ ಮುಖಾ, ಆಮ್ಯಾಲೆ ತನ್ನ ಸಿಟ್ಟು. ನಮ್ಮ ಮನಿ ಗಂಡಸರಿಗೆ ನಮ್ಮ ಸಲುವಾಗಿ ಸಿಟ್ಟು ಬರೂದು ಹೊಸಾದಲ್ಲ, ಯಾರ ಜೋಡಿನೋ ಜಗಳಾ ತಗದು ಬರತಾರ. ನೀರು ತಂದು ಕೊಟ್ಟವ್ರು ಎಷ್ಟು ಮಂದಿ, ನೀವಽ ಎಣಸ್ರಿ.

ಮಗಳು ಬಿಎ ಓದೂ ಮುಂದ ಇಂಗ್ಲಿಷಿನ ಒಂದು ಕಥಿ ಹೇಳಿದ್ಲು, ಚಾಸರ್ ಅನ್ನಾಂವ 14ನೇ ಶತಮಾನದಾಗ ಬರದದ್ದು. ಒಬ್ಬ ಕುದುರಿ ವೀರ ಹುಡುಗಿ ಒಬ್ಬಾಕಿ ಮ್ಯಾಲೆ ಬಲಾತ್ಕಾರ ಮಾಡತಾನ. ಶಿಕ್ಷಾ ತಪ್ಪಿಸಿಕೊಳ್ಳಾಕ ಅವಗ ಒಂದು ಒಗಟಿನ ಉತ್ತರ ಬೇಕಾಗತೈತಿ. ಅದನ್ನ ಹೇಳಿಕೊಟ್ಟ ಮುದುಕಿನ್ನಽ ಲಗ್ನ ಆಗಬೇಕಾಗತೈತಿ. ಮುದುಕಿ, ಬಡವಿ, ಕೀಳು ಮನೆತನದಾಕಿ ಅಂತ ಅಂವಾ ಮುಖಾ ತಿರವತಾನ. ಆವಾಗ ಅಕಿ ಸಮಾಧಾನಲೆ ಹೇಳತಾಳ, ದೊಡ್ಡಸ್ತಿಕಿ ಹುಟ್ಟಿನಿಂದ ಬರೂದಲ್ಲ, ಅಪ್ಪನ ಹೊಲಾ ಬಂದಂಗ ಬರಂಗಿಲ್ಲ, ನಡಕೊಂಡದ್ದರಿಂದ ಬರತೈತಿ ಅಂತ. ಅಲ್ಲಿನೂ ಕುದುರಿ ವೀರಗ ಪಾಠ ಹೇಳಾಕ ಒಬ್ಬಾಕಿ ಮುದುಕಿನಽ ಬೇಕಾದ್ಲು. ಅದಕ್ಕೂ ಇನ್ನೂರು ವರ್ಷ ಮೊದಲ ನಮ್ಮ ಬಸವಣ್ಣ ಇದನ್ನ ಇನ್ನೂ ಸಣ್ಣದು ಮಾಡಿ, ಮನಿ ಬಾಗಲಕ್ಕ ತಂದಿಟ್ಟಿದ್ದ. ಬಂದವ್ರನ್ನ ಆರಾಮದೀರೇನು ಅಂತ ಕೇಳಿದ್ರ, ಕುಂಡ್ರಿ ಅಂದ್ರ ನಿನ್ನ ಗಂಟೇನು ಹೋಗತೈತಿ ಅಂತ.

ಅದಕ್ಕ ನಾ ಅಕ್ಕಗ ಹೇಳೇನಿ. ಹುಡುಗನ್ನ ನೋಡಾಕ ಹೋದಾಗ ಪಗಾರದ ಚೀಟಿ ಅಣ್ಣಾರು ನೋಡಲಿ. ನಾವು ಬ್ಯಾರೆ ನೋಡೂಣು. ನೀರು ತಂದು ಕೊಟ್ಟ ಹೆಣಮಗಳಿಗೆ ಅಂವಾ ಏನಂತಾನ, ಅವ್ವನ ಮಾತು ಅಪ್ಪ ಅರ್ಧಕ್ಕ ಕಡದ್ರ ಅವನ ಮುಖಾ ಹೆಂಗ ಆಗತೈತಿ. ಮತ್ತ ಒಂದು ಮಾತು ನಾನಽ ಬೇಕಂತ ತಗೀತೇನಿ. ಬಂಗಾರದ ಮಾತು. ಹಿರಿಯಾರು ಅದರ ಮ್ಯಾಲೆ ಮಾತಾಡಾಕ ಶುರು ಮಾಡಿದಾಗ ಹುಡುಗ ಎಲ್ಲಿ ನೋಡತಾನ ಅಂತ ನೋಡಬೇಕು.

ಅಕ್ಕ ಭಾಳ ಹೊತ್ತು ಸುಮ್ನಿದ್ಲು. ಆಮ್ಯಾಲೆ ಅಂದ್ಲು, "ನಿಮ್ಮ ಭಾವ ನನ್ನ ಒಂದು ದಿನ ಬೈದಿಲ್ಲ, ಬಡದಿಲ್ಲ, ಗಳಿಸಿದ್ದೆಲ್ಲಾ ಕೈಯಾಗ ಕೊಟ್ಟಾರ. ಆದ್ರ ಅವತ್ತ ಅವರು ನೆಲಾ ನೋಡಿದ್ದು ನನಗ ಇನ್ನೂ ಕಾಣತೈತಿ." ಮೂವತ್ತೇಳು ವರ್ಷ ಆತು. ನನ್ನ ಮುಂದ ಈ ಮಾತು ಅಕಿ ಮೊದಲನೇ ಸಲ ಆಡಿದ್ದು.

ನಾನೇನು ಭಾಳ ದೊಡ್ಡಾಕಿ ಅಲ್ಲ. ಹೋದ ವರ್ಷ ನಮ್ಮ ಓಣ್ಯಾಗ ಒಬ್ಬರ ಮನ್ಯಾಗ ಅರಿಷಿಣ ಕುಂಕುಮಕ್ಕ ಹೋದಾಗ, ಆ ಮನಿ ಸೊಸಿಗೆ ಮಕ್ಕಳಾಗಿಲ್ಲ ಅನ್ನೂದನ್ನ ಎಲ್ಲಾರ ಮುಂದ ಎತ್ತಿ ಆಡಿದ್ರು. ಅಕಿ ಕೈಯಾಗ ಉಡಿ ತುಂಬೋ ತಾಟ ಇತ್ತು. ನಾ ಏನು ಮಾಡಿದೆ? ಭೀಷ್ಮನ ಸಾಲಿನ್ಯಾಗ ಕುಂತು ಕೊಬ್ಬರಿ ಬಟ್ಟಲದಾಗ ಏನೈತಿ ಅಂತ ನೋಡಿದೆ. ಆಮ್ಯಾಲೆ ಆ ಹುಡುಗಿ ರಸ್ತೆದಾಗ ಸಿಕ್ಕಾಗೆಲ್ಲಾ ನಾನಽ ಮೊದಲ ಮಾತಾಡಸತೇನಿ, ಆದ್ರ ಅವತ್ತಿಂದು ಅವತ್ತಽ ಹೋತು. ಅಕಿ ಇದನ್ನ ಓದತಾಳೋ ಇಲ್ಲೋ. ಓದಿದ್ರ, ತಂಗೆವ್ವಾ, ಅವತ್ತ ನಾ ಎದ್ದು ನಿಂದ್ರಬೇಕಾಗಿತ್ತು.

ಈ ರವಿವಾರ ಮುಂಜಾನೆ ಎಂಟರ ಬಸ್ಸಿಗೆ ಮುಂಡರಗಿಗೆ ಹೊಂಟೇವಿ. ಹಿರಿಯಾರು ಅಂತ ಯಾರನ್ನ ಕರಕೊಂಡು ಹೋಗೂದು ಅಂತ ಮನ್ಯಾಗ ಎರಡು ದಿನ ಚರ್ಚಾ ಆತು. ನಾಕು ಮಂದ್ಯಾಗ ಕುಂದ್ರಿಸಿದ್ರ ಚಂದ ಕಾಣೋರು ಬೇಕು ಅಂತ ಅಣ್ಣಂದು. ನಾನು ಅಕ್ಕ ಇಬ್ರೂ ಕೂಡಿ ಲಕ್ಷ್ಮೇಶ್ವರಕ್ಕ ಫೋನ್ ಹಚ್ಚಿದ್ವಿ. ಹುಡುಗಿ ಕಾಕಾ ಬರತೇನಿ ಅಂದಾನ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಾ, ಬೀಡಿ ಬಸ್ ಸ್ಟ್ಯಾಂಡಿನ್ಯಾಗ ಮುಗಿಸಿ ಬಾ ಅಂತ ಹೇಳೇವಿ. "ಅಂಗಿದು ಆತು, ಬೀಡಿದು ನೋಡೂಣು" ಅಂದ.